ಕೂಲಿ ಕೇಳದ ಆಳುಗಳು



ಹಗಲೆಲ್ಲ ದುಡಿದು, ಮನೆ ಕೆಲಸ ಮುಗಿಸಿ, ಪುಸ್ತಕ ಹಿಡಿದುಕೊಂಡು ಇಲ್ಲಿ ಬಂದು ಕೂತಿದ್ದೀರಿ. ಇಷ್ಟು ಶ್ರಮಪಟ್ಟು ಬಂದವರ ಮುಂದೆ ಏನು ಮಾತಾಡಬೇಕು ಅಂತ ನಾವು ಯೋಚನೆ ಮಾಡಿದೆವು. ಕೊನೆಗೆ ಹುಳದ ಬಗ್ಗೆ ಮಾತಾಡೋಣ ಅಂತ ತೀರ್ಮಾನ ಆಯಿತು. ನಗಬೇಡಿ. ಹುಳದ ಮಾತು ಕೇಳೋದಕ್ಕೆ ಇಷ್ಟು ದೂರ ಬರಬೇಕಿತ್ತಾ ಅಂತ ಹಿಂದೆ ಕೂತವರು ಪಿಸುಗುಟ್ಟೋದು ನಮಗೂ ಕೇಳಿಸ್ತಾ ಇದೆ.

ಹುಲಿ, ಆನೆ ಅಂದರೆ ಎಲ್ಲರೂ ಕಿವಿ ಕೊಡ್ತಾರೆ. ಸರ್ಕಾರ ಹುಲಿಗಳ ಲೆಕ್ಕ ಇಡುತ್ತದೆ. ಎಷ್ಟು ಹೆಚ್ಚಾದವು, ಎಷ್ಟು ಕಡಿಮೆ ಆದವು ಅಂತ ಪೇಪರಿನಲ್ಲಿ ಬರುತ್ತದೆ. ಅದು ಬೇಕಾದ ಕೆಲಸವೇ. ಆದರೆ ನಮ್ಮ ಗದ್ದೆಯಲ್ಲಿ ಎಷ್ಟು ಜೇಡ ಇವೆ? ನಮ್ಮ ಗೋಮಾಳದಲ್ಲಿ ಎಷ್ಟು ಸಗಣಿ ಹುಳ ಇವೆ? ಯಾರೂ ಎಣಿಸುವುದಿಲ್ಲ. ಅವಕ್ಕೆ ಒಂದು ಹೆಸರು ಇದೆ ಅಂತಲೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಾಲಿಗೆ ಸಿಕ್ಕರೆ ತುಳಿದು ಮುಂದೆ ಹೋಗ್ತೇವೆ.

ಈ ಸಣ್ಣ ಜೀವಿಗಳು ದಿನಾ ನಮ್ಮ ಹೊಲ ಗದ್ದೆಯಲ್ಲಿ ಆಳಿನ ಕೆಲಸ ಮಾಡುತ್ತವೆ. ಕೂಲಿ ಕೇಳುವುದಿಲ್ಲ. ಊಟ ಕೇಳುವುದಿಲ್ಲ. ರಜೆ ಹಾಕುವುದಿಲ್ಲ. ಅದಕ್ಕೇ ಅವುಗಳ ಕೆಲಸ ನಮ್ಮ ಲೆಕ್ಕಕ್ಕೆ ಬಂದಿಲ್ಲ. ಅವು ಇಲ್ಲವಾದ ದಿನ ಆ ಕೆಲಸಕ್ಕೆ ನಾವು ದುಡ್ಡು ಕೊಡಬೇಕಾಗುತ್ತದೆ. ಆಗ ಲೆಕ್ಕ ಗೊತ್ತಾಗುತ್ತದೆ.

ಮೊದಲು ಸಗಣಿ ಹುಳದ ಮಾತು.

ದನ ಮೇಯುವ ಗೋಮಾಳಕ್ಕೆ ಹೋಗಿ. ಮಳೆಗಾಲ ಆದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ದನ ಹಾಕಿದ ಸಗಣಿಯನ್ನು ಸಂಜೆ ಒಂದು ಕೋಲಿನಿಂದ ಕೆದಕಿ ನೋಡಿ. ಒಳಗೆ ಕಪ್ಪು ಹುಳಗಳು ಓಡಾಡುತ್ತಾ ಇರುತ್ತವೆ. ಬೆನ್ನು ಗಟ್ಟಿ. ತಲೆ ಸಲಿಕೆಯ ಹಾಗೆ ಚಪ್ಪಟೆ. ಮುಂಗಾಲಿನಲ್ಲಿ ಗರಗಸದ ಹಾಗೆ ಹಲ್ಲು. ಹುಟ್ಟುವಾಗಲೇ ಹತಾರ ಹಿಡಿದುಕೊಂಡು ಹುಟ್ಟಿದ ಹುಳ ಇದು.

ಇವುಗಳಲ್ಲೂ ಬೇರೆ ಬೇರೆ ಕಸುಬಿನವು ಇವೆ. ಕೆಲವು ಸಗಣಿಯನ್ನು ಉಂಡೆ ಕಟ್ಟುತ್ತವೆ. ತಲೆ ಕೆಳಗೆ ಮಾಡಿ, ಹಿಂಗಾಲು ಉಂಡೆಯ ಮೇಲೆ ಇಟ್ಟು, ಹಿಂದೆ ಹಿಂದೆ ಉರುಳಿಸಿಕೊಂಡು ಹೋಗುತ್ತವೆ. ಮಕ್ಕಳು ನಿಂತು ನೋಡುವುದು ಇದನ್ನೇ. ಇನ್ನು ಕೆಲವು ಎಲ್ಲಿಗೂ ಹೋಗುವುದಿಲ್ಲ. ಸಗಣಿಯ ಕೆಳಗೇ ನೆಟ್ಟಗೆ ಗುಂಡಿ ತೋಡುತ್ತವೆ. ಸಗಣಿಯನ್ನು ಚೂರು ಚೂರಾಗಿ ಒಳಗೆ ಎಳೆದುಕೊಳ್ಳುತ್ತವೆ. ನೆಲದ ಒಳಗಿನ ಉಂಡೆಯಲ್ಲಿ ತಾಯಿ ಹುಳ ಮೊಟ್ಟೆ ಇಡುತ್ತದೆ. ಮರಿ ಆ ಉಂಡೆಯನ್ನೇ ತಿಂದು ಬೆಳೆದು ಹೊರಗೆ ಬರುತ್ತದೆ.

ಇದರಿಂದ ನಮಗೇನು ಅಂತೀರಾ? ಸಗಣಿ ಬಿಸಿಲಿಗೆ ಬಿದ್ದು ಒಣಗಿದರೆ ಅದರ ಸಾರ ಬಹಳಷ್ಟು ಗಾಳಿಗೆ ಹೋಗುತ್ತದೆ. ಹುಳ ಅದನ್ನು ನೆಲದೊಳಗೆ ಒಯ್ದರೆ ಬೇರಿಗೆ ಸಿಗುತ್ತದೆ. ಹುಳ ತೋಡಿದ ತೂತಿನಲ್ಲಿ ಮಳೆ ನೀರು ಇಳಿಯುತ್ತದೆ. ಇನ್ನೊಂದು ಲಾಭ ಇದೆ. ನೊಣ ಮೊಟ್ಟೆ ಇಡುವುದು ಹಸಿ ಸಗಣಿಯಲ್ಲಿ. ಸಗಣಿ ಬೇಗ ಚದುರಿ ಹೋದರೆ ನೊಣದ ಮರಿ ಬೆಳೆಯುವುದಕ್ಕೆ ಜಾಗ ಇರುವುದಿಲ್ಲ.

ಒಂದು ತಮಾಷೆ ಸಂಗತಿ ಹೇಳಿಬಿಡ್ತೇವೆ. ರಾತ್ರಿ ಹೊತ್ತು ಉಂಡೆ ಉರುಳಿಸುವ ಹುಳ ನೆಟ್ಟಗೆ ಹೇಗೆ ಹೋಗುತ್ತದೆ? ಸ್ವೀಡನ್ ಮತ್ತು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿದರು. ಹುಳದ ತಲೆಗೆ ಪುಟ್ಟ ಟೋಪಿ ಹಾಕಿ, ಆಕಾಶ ಕಾಣದ ಹಾಗೆ ಮಾಡಿದರು. ಹುಳ ದಾರಿ ತಪ್ಪಿ ಸುತ್ತತೊಡಗಿತು. ಟೋಪಿ ಇಲ್ಲದಿದ್ದರೆ ನೆಟ್ಟಗೆ ಹೋಯಿತು. ಚಂದ್ರ ಇಲ್ಲದ ರಾತ್ರಿ ಅದು ಆಕಾಶಗಂಗೆ ನೋಡಿಕೊಂಡು ನಡೆಯುತ್ತದೆ ಅಂತ 2013ರಲ್ಲಿ ಪ್ರಕಟಿಸಿದರು. ಆಕಾಶಗಂಗೆ ಅಂದರೆ ರಾತ್ರಿ ಆಕಾಶದಲ್ಲಿ ಕಾಣುವ ಹಾಲು ಚೆಲ್ಲಿದಂಥ ಪಟ್ಟಿ. ನಾವು ಸಗಣಿಯಲ್ಲಿ ಬಿದ್ದಿದೆ ಅಂತ ಬೈಯುವ ಹುಳ ನಕ್ಷತ್ರ ನೋಡಿಕೊಂಡು ದಾರಿ ಹಿಡಿಯುತ್ತದೆ!

ಸರಿ, ಈ ಹುಳ ಇಲ್ಲದಿದ್ದರೆ ಏನಾಗ್ತಿತ್ತು? ಸಗಣಿ ತಾನೇ ಒಣಗಿ ಪುಡಿ ಆಗ್ತಿತ್ತು, ಅಷ್ಟೇ ಅಲ್ವಾ? ಈ ಪ್ರಶ್ನೆಗೆ ಒಂದು ಇಡೀ ದೇಶ ಉತ್ತರ ಕೊಟ್ಟಿದೆ. ಅದು ಆಸ್ಟ್ರೇಲಿಯಾ. ಕ್ರಿಕೆಟ್ ನೋಡುವ ಹುಡುಗರಿಗೆ ಹೆಸರು ಗೊತ್ತು.

ಆಸ್ಟ್ರೇಲಿಯಾದಲ್ಲಿ ಮೊದಲು ದನ ಇರಲಿಲ್ಲ. 1788ರಲ್ಲಿ ಇಂಗ್ಲಿಷರು ಹಡಗಿನಲ್ಲಿ ಬಂದು ಇಳಿದಾಗ ಕೆಲವೇ ದನಗಳನ್ನು ತಂದರು. ಆಮೇಲೆ ಅವು ಬೆಳೆದು ಕೋಟಿ ದಾಟಿದವು. ಒಂದು ದನ ದಿನಕ್ಕೆ ಸುಮಾರು 10–12 ಸಲ ಸಗಣಿ ಹಾಕುತ್ತದೆ. ಕೋಟಿ ದನ ಅಂದರೆ ಎಷ್ಟು ಸಗಣಿ ಅಂತ ನೀವೇ ಗುಣಿಸಿ ನೋಡಿ. ನಮ್ಮ ಹಾಗೆ ಅಲ್ಲಿ ಸಗಣಿ ಎತ್ತಿ ತಿಪ್ಪೆಗೆ ಹಾಕುವುದಿಲ್ಲ, ಕುಳ್ಳು ತಟ್ಟುವುದಿಲ್ಲ. ದನ ಬಯಲಲ್ಲೇ ಇರುತ್ತದೆ, ಸಗಣಿಯೂ ಬಯಲಲ್ಲೇ.

ಆ ದೇಶದಲ್ಲೂ ಸಗಣಿ ಹುಳ ಇದ್ದವು. ಆದರೆ ಅವು ಸಾವಿರಾರು ವರ್ಷದಿಂದ ಕಾಂಗರೂ ಹಿಕ್ಕೆಗೆ ಒಗ್ಗಿಕೊಂಡಿದ್ದವು. ಕಾಂಗರೂ ಹಿಕ್ಕೆ ಆಡಿನ ಹಿಕ್ಕೆಯ ಹಾಗೆ ಒಣ ಗುಂಡು. ದನದ ಹಸಿ ಸಗಣಿಯ ರಾಶಿ ಕಂಡರೆ ಆ ಹುಳಗಳಲ್ಲಿ ಬಹಳಷ್ಟು ಹತ್ತಿರ ಬರಲಿಲ್ಲ. ಸಗಣಿ ಹಾಗೇ ಬಿತ್ತು. ತಿಂಗಳುಗಟ್ಟಲೆ ಬಿತ್ತು. ರೊಟ್ಟಿ ಹಂಚಿನ ಹಾಗೆ ಗಟ್ಟಿಯಾಗಿ ನೆಲ ಮುಚ್ಚಿತು. ಅದರ ಕೆಳಗೆ ಹುಲ್ಲು ಸತ್ತಿತು. ಸುತ್ತ ಬೆಳೆದ ಹುಲ್ಲನ್ನು ದನ ಮೂಸಿ ಬಿಟ್ಟವು. ಹಸಿ ಸಗಣಿಯಲ್ಲಿ ನೊಣ ಹುಟ್ಟಿದವು. ಮನುಷ್ಯರ ಕಣ್ಣು ಮೂಗಿಗೆ ಮುತ್ತುವ ನೊಣ ಒಂದು ಕಡೆ. ದನದ ರಕ್ತ ಹೀರುವ ನೊಣ ಇನ್ನೊಂದು ಕಡೆ.

ಹಂಗೇರಿ ದೇಶದಿಂದ ಬಂದು ಆಸ್ಟ್ರೇಲಿಯಾದಲ್ಲಿ ನೆಲೆಸಿದ ಜಾರ್ಜ್ ಬೊರ್ನೆಮಿಸ್ಸಾ ಎಂಬ ಹುಳದ ವಿಜ್ಞಾನಿ ಇದನ್ನು ನೋಡಿದರು. ನಮ್ಮ ದೇಶದಲ್ಲಿ ಸಗಣಿ ಹೀಗೆ ಬಿದ್ದಿರುವುದಿಲ್ಲ, ಇಲ್ಲಿ ಯಾಕೆ ಹೀಗೆ ಅಂತ ಕೇಳಿಕೊಂಡರು. ಕಾರಣ ಹುಳ ಅಂತ ಹೊಳೆಯಿತು. ಹೊರಗಿನಿಂದ ಸಗಣಿ ಹುಳ ತರಿಸೋಣ ಅಂದರು. 1960ರ ದಶಕದಲ್ಲಿ ಅಲ್ಲಿನ ಸರ್ಕಾರಿ ವಿಜ್ಞಾನ ಸಂಸ್ಥೆ ಈ ಕೆಲಸ ಕೈಗೆ ತೆಗೆದುಕೊಂಡಿತು.

ಹುಳ ತರೋದು ಸುಲಭದ ಕೆಲಸ ಆಗಿರಲಿಲ್ಲ. ಆಫ್ರಿಕಾದ ಹುಳದ ಜೊತೆ ಅಲ್ಲಿನ ದನದ ರೋಗವೂ ಬಂದರೆ? ಅದಕ್ಕೆ ವಿಜ್ಞಾನಿಗಳು ಹುಳ ಬಿಟ್ಟು ಮೊಟ್ಟೆಯನ್ನು ಮಾತ್ರ ತಂದರು. ಒಂದೊಂದು ಮೊಟ್ಟೆಯನ್ನೂ ಔಷಧಿಯಲ್ಲಿ ತೊಳೆದರು. ಆಮೇಲೆ ತಾವೇ ಕೈಯಿಂದ ಸಗಣಿ ಉಂಡೆ ಕಟ್ಟಿ, ಅದರೊಳಗೆ ಮೊಟ್ಟೆ ಇಟ್ಟು ಮರಿ ಮಾಡಿಸಿದರು. ದೊಡ್ಡ ದೊಡ್ಡ ಓದು ಓದಿದವರು ಕೂತು ಸಗಣಿ ಉಂಡೆ ಕಟ್ಟಿದರು! ತಾಯಿ ಹುಳ ಪುಕ್ಕಟೆ ಮಾಡುವ ಕೆಲಸ ಅದು. 1968ರ ಹೊತ್ತಿಗೆ ಹುಳಗಳನ್ನು ಬಯಲಿಗೆ ಬಿಡಲು ಶುರು ಮಾಡಿದರು. ಸುಮಾರು 20 ವರ್ಷ ಕೆಲಸ ನಡೆಯಿತು. ತಂದು ಬಿಟ್ಟ ಜಾತಿಗಳಲ್ಲಿ ಅರ್ಧದಷ್ಟು ಆ ನೆಲಕ್ಕೆ ಒಗ್ಗಿ ಉಳಿದುಕೊಂಡವು. ಅವು ಬೇರೂರಿದ ಕಡೆ ಸಗಣಿ ಬೇಗ ಮಾಯ ಆಗತೊಡಗಿತು, ಎಷ್ಟೋ ಜಾಗದಲ್ಲಿ ನೊಣದ ಕಾಟ ಇಳಿಯಿತು.

ನಮ್ಮ ನೆಲದಲ್ಲಿ ಈ ಹುಳ ಮೊದಲಿಂದ ಇದೆ. ಯಾರೂ ಹಡಗಿನಲ್ಲಿ ತರಬೇಕಾಗಿಲ್ಲ. ಆದರೆ ಒಂದು ಎಚ್ಚರಿಕೆ ಬೇಕು. ದನಕ್ಕೆ ಹೊಟ್ಟೆ ಹುಳಕ್ಕೆ, ಉಣ್ಣೆಗೆ ಅಂತ ಐವರ್‌ಮೆಕ್ಟಿನ್ ಎಂಬ ಔಷಧಿ ಕೊಡುತ್ತಾರೆ. ಆ ಔಷಧಿ ಸಗಣಿಯಲ್ಲೂ ಹೊರಗೆ ಬರುತ್ತದೆ. ಆ ಸಗಣಿ ತಿಂದ ಸಗಣಿ ಹುಳದ ಮರಿ ಸಾಯುತ್ತದೆ. ದನಕ್ಕೆ ಔಷಧಿ ಬೇಡ ಅಂತ ನಾವು ಹೇಳ್ತಾ ಇಲ್ಲ. ರೋಗ ಬಂದ ದನಕ್ಕೆ ಔಷಧಿ ಬೇಕೇ ಬೇಕು. ಪಶು ಆಸ್ಪತ್ರೆಯಲ್ಲಿ ಸಗಣಿ ಪರೀಕ್ಷೆ ಮಾಡಿಸಿ. ಬೇಕಾದ ದನಕ್ಕೆ, ಬೇಕಾದಾಗ ಕೊಡಿಸಿ. ಅಕ್ಕಪಕ್ಕದವರು ಕೊಡಿಸಿದರು ಅಂತ ಹಟ್ಟಿಯ ದನಕ್ಕೆಲ್ಲ ಕೊಡಿಸಬೇಡಿ.

ಎರೆಹುಳದ ವಿಷಯ ನಿಮಗೆ ಹೇಳಬೇಕಾಗಿಲ್ಲ. ಪಂಚಾಯ್ತಿ ಗೋಡೆ ಮೇಲೂ ಬರೆದಿರ್ತಾರೆ. ಒಂದೇ ಒಂದು ಮಾತು. ಇಂಗ್ಲೆಂಡಿನ ಡಾರ್ವಿನ್ ಎಂಬ ದೊಡ್ಡ ವಿಜ್ಞಾನಿ 1842ರಲ್ಲಿ ತಮ್ಮ ಮನೆ ಹತ್ತಿರದ ಹುಲ್ಲುಗಾವಲಿನಲ್ಲಿ ಸುಣ್ಣಕಲ್ಲಿನ ಪುಡಿ ಹರಡಿಸಿದರು. 29 ವರ್ಷ ಕಾದರು. 1871ರಲ್ಲಿ ಅಗೆಸಿ ನೋಡಿದರೆ ಬಿಳಿ ಪಟ್ಟಿ 7 ಅಂಗುಲ ಕೆಳಗೆ ಇತ್ತು! ಎರೆಹುಳಗಳು ಕೆಳಗಿನ ಮಣ್ಣು ತಿಂದು ಮೇಲೆ ಹಾಕಿ ಹಾಕಿ ಅದನ್ನು ಮುಚ್ಚಿದ್ದವು. ಏಳು ಅಂಗುಲ ಹೊಸ ಮಣ್ಣು, ಯಾರ ಎತ್ತೂ ಇಲ್ಲದೆ, ಯಾರ ನೇಗಿಲೂ ಇಲ್ಲದೆ.

ಈಗ ಗೋಮಾಳ ಬಿಟ್ಟು ಭತ್ತದ ಗದ್ದೆಗೆ ಇಳಿಯೋಣ. ದುಡ್ಡಿನ ಮಾತು ಇರುವುದು ಇಲ್ಲಿ.

ಜಿಗಿಹುಳ ಎಲ್ಲರಿಗೂ ಗೊತ್ತು. ಕಂದು ಬಣ್ಣ, ಅಕ್ಕಿ ಕಾಳಿಗಿಂತ ಚಿಕ್ಕದು. ಪೈರಿನ ಬುಡದಲ್ಲಿ, ನೀರಿನ ಮಟ್ಟದ ಹತ್ತಿರ ಕೂತು ರಸ ಹೀರುತ್ತದೆ. ಹೆಚ್ಚಾದರೆ ಗದ್ದೆ ನಡುವೆ ದುಂಡಗೆ ಬೆಂಕಿ ಬಿದ್ದ ಹಾಗೆ ಪೈರು ಒಣಗುತ್ತದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ರೈತರನ್ನು ಕೇಳಿ, ಅವರು ನಮಗಿಂತ ಚೆನ್ನಾಗಿ ಹೇಳ್ತಾರೆ.

ಜಿಗಿಹುಳ ಕಂಡ ಕೂಡಲೇ ಏನು ಮಾಡ್ತಾರೆ? ಅಂಗಡಿಗೆ ಓಡ್ತಾರೆ. ಉದ್ರಿ ಬರೆಸಿ ಎಣ್ಣೆ ತರ್ತಾರೆ. ಹೊಡೀತಾರೆ. ಮೂರು ದಿನ ಗದ್ದೆ ಚೊಕ್ಕ. ಹದಿನೈದು ದಿನಕ್ಕೆ ನೋಡಿದರೆ ಮೊದಲಿಗಿಂತ ಹೆಚ್ಚು ಹುಳ! ಔಷಧಿ ಕಳಪೆ ಅಂತ ಇನ್ನೊಂದು ಬಾಟಲಿ ತರ್ತಾರೆ. ಉದ್ರಿ ಪುಸ್ತಕದಲ್ಲಿ ಇನ್ನೊಂದು ಸಾಲು ಏರುತ್ತದೆ.

ಹೀಗೆ ಯಾಕಾಗುತ್ತದೆ? ಜಿಗಿಹುಳ ತನ್ನ ಮೊಟ್ಟೆಯನ್ನು ಪೈರಿನ ತೆಂಡೆಯ ಒಳಗೆ ಸೇರಿಸಿ ಇಡುತ್ತದೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡಬಲ್ಲದು. ಮೇಲೆ ಹೊಡೆದ ವಿಷ ಆ ಮೊಟ್ಟೆಗೆ ಸರಿಯಾಗಿ ತಾಗುವುದಿಲ್ಲ. ವಿಷ ತಾಗುವುದು ಹೊರಗೆ ಓಡಾಡುವ ಜೇಡಕ್ಕೆ. ವಾರ ಹತ್ತು ದಿನದಲ್ಲಿ ಮೊಟ್ಟೆ ಒಡೆದು ಮರಿ ಬರುತ್ತವೆ. ಅಷ್ಟು ಹೊತ್ತಿಗೆ ಅವನ್ನು ತಿನ್ನುವವರು ಗದ್ದೆಯಲ್ಲಿ ಇಲ್ಲ. ಕಾವಲುಗಾರನನ್ನು ಕೊಂದು ಕಳ್ಳನ ಮಕ್ಕಳನ್ನು ಉಳಿಸಿದ ಹಾಗೆ ಆಯಿತು.

ಗದ್ದೆಯ ಜೇಡವನ್ನು ಹತ್ತಿರ ಕೂತು ನೋಡಿದ್ದೀರಾ? ಬಲೆ ಕಟ್ಟುವ ಜೇಡ ಬೇರೆ. ಬಲೆ ಕಟ್ಟದೆ ನೀರಿನ ಮೇಲೇ ಓಡಾಡಿ ಬೇಟೆ ಆಡುವ ಜೇಡ ಒಂದು ಇದೆ. ಬೆನ್ನ ಮೇಲೆ ಕವಲಾದ ಗೆರೆ ಇರುತ್ತದೆ. ತೋಳ ಜೇಡ ಅಂತ ಕರೀತಾರೆ. ದಿನಕ್ಕೆ 5ರಿಂದ 15 ಹುಳ ತಿನ್ನುತ್ತದೆ. ತಾಯಿ ಜೇಡ ಮೊಟ್ಟೆಯ ಗಂಟನ್ನು ಹಿಂದೆ ಕಟ್ಟಿಕೊಂಡೇ ತಿರುಗುತ್ತದೆ. ಮರಿ ಆದ ಮೇಲೆ ಅಷ್ಟೂ ಮರಿಗಳನ್ನು ಬೆನ್ನ ಮೇಲೆ ಹೊತ್ತುಕೊಂಡು ಓಡಾಡುತ್ತದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಕಳೆ ಕೀಳುವ ನಮ್ಮ ಅಕ್ಕಂದಿರಿಗೆ ಇದು ಅರ್ಥ ಆಗುತ್ತದೆ.

ಈ ಜೇಡ ಜಿಗಿಹುಳ ಬರುವ ತನಕ ಏನು ತಿಂದು ಬದುಕುತ್ತದೆ? ಇದು ಒಳ್ಳೆಯ ಪ್ರಶ್ನೆ. ಇಂಡೋನೇಷ್ಯಾದಲ್ಲಿ ವಿಜ್ಞಾನಿಗಳು ಇದನ್ನು ಹುಡುಕಿದರು. ನಾಟಿ ಆದ ಹೊಸದರಲ್ಲಿ ಗದ್ದೆ ನೀರಿನಲ್ಲಿ ಕಸ ಕಡ್ಡಿ ಕೊಳೆಯುತ್ತದೆ. ಅದನ್ನು ತಿಂದು ಸೊಳ್ಳೆಯಂಥ ಸಣ್ಣ ಸಣ್ಣ ಹುಳಗಳು ಹುಟ್ಟುತ್ತವೆ. ಅವು ಪೈರಿಗೆ ಏನೂ ಮಾಡುವುದಿಲ್ಲ. ಜೇಡ ಅವನ್ನು ತಿಂದು ಮೊದಲೇ ಬೆಳೆದು ಸಿದ್ಧ ಆಗಿರುತ್ತದೆ. ಗದ್ದೆಗೆ ಕೊಳೆತ ಗೊಬ್ಬರ ಹಾಕಿದರೆ ಈ ಹುಳ ಹೆಚ್ಚು, ಜೇಡವೂ ಹೆಚ್ಚು. ತಿಪ್ಪೆ ಗೊಬ್ಬರ ಪೈರಿಗೆ ಮಾತ್ರ ಊಟ ಅಲ್ಲ, ಜೇಡಕ್ಕೂ ಊಟ. ಇದನ್ನು ತಿಳಿಯದೆ ನಾಟಿ ಆದ ಇಪ್ಪತ್ತು ದಿನಕ್ಕೇ ಒಂದು ಸಲ ಹೊಡೆದುಬಿಟ್ಟರೆ ಕಾವಲುಗಾರ ಬರುವ ಮೊದಲೇ ಅವನ ಊಟದ ತಟ್ಟೆ ಕಿತ್ತುಕೊಂಡ ಹಾಗೆ.

ಇಂಡೋನೇಷ್ಯಾ ಅಂದೆವಲ್ಲ, ಆ ದೇಶದ ಕಥೆ ಪೂರ್ತಿ ಹೇಳಬೇಕು. ನಮ್ಮ ಹಾಗೇ ಅನ್ನ ಉಣ್ಣುವ ಜನ ಅವರು. ಅಲ್ಲಿನ ಸರ್ಕಾರ ರೈತರಿಗೆ ಕೀಟನಾಶಕವನ್ನು ಬಹಳ ಅಗ್ಗಕ್ಕೆ ಕೊಡುತ್ತಿತ್ತು. ಅಗ್ಗಕ್ಕೆ ಸಿಕ್ಕಿದ್ದರಿಂದ ರೈತರು ಮತ್ತೆ ಮತ್ತೆ ಹೊಡೆದರು. ಜಿಗಿಹುಳ ಸಾಯುವ ಬದಲು ಹೆಚ್ಚಿತು. 1985–86ರಲ್ಲಿ ಜಾವಾ ದ್ವೀಪದ ಗದ್ದೆಗಳಲ್ಲಿ ದೊಡ್ಡ ನಷ್ಟ ಆಯಿತು. ಹುಳದ ವಿಜ್ಞಾನಿಗಳು ಕಾರಣ ವಿವರಿಸಿ ಹೇಳಿದರು. 1986ರ ನವೆಂಬರಿನಲ್ಲಿ ಅಧ್ಯಕ್ಷ ಸುಹಾರ್ತೊ ಆಜ್ಞೆ ಹೊರಡಿಸಿದರು. 57 ಕೀಟನಾಶಕಗಳನ್ನು ಭತ್ತಕ್ಕೆ ಹೊಡೆಯಬಾರದು ಎಂದರು. ಅವರು ಬೇರೆ ವಿಷಯದಲ್ಲಿ ದೇಶ ಹೇಗೆ ಆಳಿದರು ಅನ್ನೋದು ಬೇರೆ ಮಾತು. ಅಗ್ಗದ ದರವೂ 1989ರ ಹೊತ್ತಿಗೆ ನಿಂತಿತು. ಭತ್ತಕ್ಕೆ ಹೊಡೆಯುವ ವಿಷ ಅರ್ಧಕ್ಕಿಂತ ಕಡಿಮೆ ಆಯಿತು. ಬೆಳೆ ಹೋಗುತ್ತದೆ ಅಂತ ಹೆದರಿದವರು ಇದ್ದರು. ಬೆಳೆ ಹೋಗಲಿಲ್ಲ.

ಆಜ್ಞೆ ಒಂದರಿಂದಲೇ ಇದು ಆಗಲಿಲ್ಲ. 1989ರಿಂದ ಅಲ್ಲಿ ಗದ್ದೆಯ ಬದುವಿನಲ್ಲೇ ಶಾಲೆ ನಡೆಸಿದರು. ರೈತರು ವಾರಕ್ಕೊಮ್ಮೆ ಸೇರುತ್ತಿದ್ದರು. ಗದ್ದೆಗೆ ಇಳಿದು ಹುಳ ಎಣಿಸುತ್ತಿದ್ದರು. ದೊಡ್ಡ ಹಾಳೆಯ ಮೇಲೆ ಪೈರಿನ ಚಿತ್ರ ಬರೆದು, ಒಂದು ಕಡೆ ಪೈರು ತಿನ್ನುವ ಹುಳ, ಇನ್ನೊಂದು ಕಡೆ ಹುಳ ತಿನ್ನುವ ಹುಳ ಬಿಡಿಸುತ್ತಿದ್ದರು. ಆಮೇಲೆ ಹೊಡೆಯಬೇಕಾ ಬೇಡವಾ ಅಂತ ಕೂತು ಮಾತಾಡುತ್ತಿದ್ದರು. 1990ರ ದಶಕದಲ್ಲಿ ನಮ್ಮ ದೇಶದಲ್ಲೂ ಇಂಥ ಕ್ಷೇತ್ರ ಪಾಠಶಾಲೆಗಳು ಶುರುವಾದವು.

ಕಪ್ಪೆಯನ್ನು ಮರೆಯಬಾರದು. ಮಳೆ ಬರದಿದ್ದರೆ ನಮ್ಮ ಹಳ್ಳಿಗಳಲ್ಲಿ ಕಪ್ಪೆಗೆ ಮದುವೆ ಮಾಡಿಸ್ತಾರೆ. ಅರಿಶಿನ ಕುಂಕುಮ ಹಚ್ಚಿ ಮೆರವಣಿಗೆ ಮಾಡ್ತಾರೆ. ಮಳೆ ಬಂದು ನಾಟಿ ಆದ ಮೇಲೆ ಅದೇ ಕಪ್ಪೆಯ ಮೇಲೆ ವಿಷ ಬೀಳುತ್ತದೆ. ಕಪ್ಪೆ ಚರ್ಮದಿಂದಲೇ ನೀರು ಕುಡಿಯುತ್ತದೆ, ಚರ್ಮದಿಂದಲೂ ಉಸಿರಾಡುತ್ತದೆ. ನೀರಿನಲ್ಲಿ ವಿಷ ಇದ್ದರೆ ಅದು ನೆಟ್ಟಗೆ ಮೈಯೊಳಗೆ ಹೋಗುತ್ತದೆ. ಹಿಂದೆ ನಮ್ಮ ದೇಶದಿಂದ ಕಪ್ಪೆ ಕಾಲುಗಳು ಸಾವಿರಾರು ಟನ್ ಲೆಕ್ಕದಲ್ಲಿ ಹೊರದೇಶಗಳಿಗೆ ಹೋಗುತ್ತಿದ್ದವು. ಅಲ್ಲಿ ಅದನ್ನು ತಿನ್ನುತ್ತಾರೆ. ಗದ್ದೆಯ ಕಪ್ಪೆಗಳನ್ನೇ ಹಿಡಿದು ಕಳಿಸುತ್ತಿದ್ದರು. ಹುಳ ತಿನ್ನುವ ಕಪ್ಪೆ ಮಾರಿ ಡಾಲರ್ ತಂದು, ಹುಳ ಕೊಲ್ಲುವ ವಿಷಕ್ಕೆ ದುಡ್ಡು ಸುರಿಯುವುದು ಎಂಥ ವ್ಯಾಪಾರ ಅಂತ ಜನ ಕೇಳಿದರು. 1987ರಲ್ಲಿ ಸರ್ಕಾರ ಆ ರಫ್ತನ್ನು ನಿಲ್ಲಿಸಿತು.

ಹಾಗಂತ ಎಲ್ಲ ಹುಳವೂ ನಮ್ಮ ನೆಂಟರಲ್ಲ. ಗೊಣ್ಣೆ ಹುಳ ಕಬ್ಬಿನ ಬೇರು, ಅಡಿಕೆ ಬೇರು ಕಡಿಯುತ್ತದೆ. ಅದನ್ನು ನೋಡಿ ಯಾರೂ ಕೈ ಮುಗಿಯಬೇಕಾಗಿಲ್ಲ. ವಿಷವನ್ನು ಎಂದೂ ಮುಟ್ಟಬೇಡಿ ಅಂತಲೂ ನಾವು ಹೇಳುವುದಿಲ್ಲ. ಹೊಟ್ಟೆಪಾಡು ನಿಮ್ಮದು, ಸಾಲ ನಿಮ್ಮದು. ಆದರೆ ಹೊಡೆಯುವ ಮೊದಲು ಎಣಿಸಿ. ನಾಟಿ ಆದ ಮೊದಲ ತಿಂಗಳಲ್ಲಿ ಎಲೆಗೆ ನಾಲ್ಕು ತೂತು ಬಿದ್ದರೆ ಪೈರು ಹೊಸ ಎಲೆ ಬಿಟ್ಟು ಸರಿಮಾಡಿಕೊಳ್ಳುತ್ತದೆ. ಬುಡಕ್ಕೆ ಎಷ್ಟು ಜಿಗಿಹುಳ ಇದ್ದರೆ ಹೊಡೆಯಬೇಕು ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಕೇಳಿ ಬರೆದುಕೊಳ್ಳಿ. ಈಗ ಬರೆಯಲು ಬರುತ್ತದಲ್ಲ!

ಓದಲೂ ಬರುತ್ತದೆ. ಮನೆಗೆ ತಂದ ಬಾಟಲಿಯ ಚೀಟಿ ಓದಿ. ಯಾವ ಬೆಳೆಗೆ, ಎಷ್ಟು ನೀರಿಗೆ ಎಷ್ಟು ಅಂತ ಅದರಲ್ಲಿ ಇರುತ್ತದೆ. ಮೂಲೆಯಲ್ಲಿ ಒಂದು ಬಣ್ಣ ಇರುತ್ತದೆ. ಕೆಂಪು ಇದ್ದರೆ ಅತಿ ಘೋರ ವಿಷ. ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ. ನೀಲಿ ಇನ್ನೂ ಕಡಿಮೆ. ಹಸಿರು ಎಲ್ಲಕ್ಕಿಂತ ಕಡಿಮೆ. ಈ ಬಣ್ಣ ಮನುಷ್ಯರಿಗೆ ಎಷ್ಟು ಅಪಾಯ ಅಂತ ಹೇಳುತ್ತದೆ. ಜೇಡಕ್ಕೆ, ಕಪ್ಪೆಗೆ ಎಷ್ಟು ಅಪಾಯ ಅಂತ ಹೇಳುವುದಿಲ್ಲ. ಹಸಿರು ಬಣ್ಣ ಇದೆ ಅಂತ ಗದ್ದೆಗೆಲ್ಲ ಸುರಿಯಬೇಡಿ.

ಈ ವಾರ ಮಾಡುವ ಕೆಲಸ ಹೇಳಿ ಮಾತು ಮುಗಿಸ್ತೇವೆ. ಒಂದು ಗಾಜಿನ ಬಾಟಲಿ ತೆಗೆದುಕೊಳ್ಳಿ. ಔಷಧಿ ಬಾಟಲಿ ಬೇಡ, ಉಪ್ಪಿನಕಾಯಿ ಬಾಟಲಿ ತೊಳೆದು ಒಣಗಿಸಿದ್ದು ಸಾಕು. ಅದರಲ್ಲಿ ಒಂದು ಭತ್ತದ ತೆಂಡೆ ಇಡಿ. ಹತ್ತು ಜಿಗಿಹುಳ ಬಿಡಿ. ಒಂದು ತೋಳ ಜೇಡ ಬಿಡಿ. ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿ ಇಡಿ. ಮಾರನೆಯ ದಿನ ಎಷ್ಟು ಜಿಗಿಹುಳ ಉಳಿದಿವೆ ನೋಡಿ. ಆಮೇಲೆ ಬೆಳಿಗ್ಗೆ ಗದ್ದೆಗೆ ಹೋಗಿ ಅಲ್ಲೊಂದು ಇಲ್ಲೊಂದು ಅಂತ ಹತ್ತು ಬುಡ ನೋಡಿ. ಪುಸ್ತಕದ ಕೊನೆಯ ಹಾಳೆಯಲ್ಲಿ ಎರಡು ಗೆರೆ ಎಳೆಯಿರಿ. ಒಂದು ಕಡೆ ಜಿಗಿಹುಳ ಎಷ್ಟು, ಇನ್ನೊಂದು ಕಡೆ ಜೇಡ ಎಷ್ಟು ಬರೆಯಿರಿ. ತಾರೀಖು ಹಾಕಿ. ಗದ್ದೆ ಇಲ್ಲದವರು ಗೋಮಾಳಕ್ಕೆ ಹೋಗಿ ಸಗಣಿ ಕೆದಕಿ ಲೆಕ್ಕ ತನ್ನಿ. ಮುಂದಿನ ವಾರ ಇದೇ ಹೊತ್ತಿಗೆ ಒಬ್ಬೊಬ್ಬರೇ ನಿಂತು ಓದಿ ಹೇಳಿ. ನಾವು ಕೇಳಲು ಬರ್ತೇವೆ.